ಮನೆ ಹೆಚ್ಚಿವೆ, ಜನ ಕಮ್ಮಿಯಾಗಿದ್ದಾರೆ: ನಮ್ಮೂರಿನ ಲೆಕ್ಕ ಏನು ಹೇಳುತ್ತಿದೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಒಂದು ಪುಟ್ಟ ಹಳ್ಳಿಯಿಂದ ಗ್ರಾಮ ಪಂಚಾಯಿತಿಗೆ ಆಯ್ಕೆಯಾದ ಸದಸ್ಯೆ. ಊರು ಮತ್ತು ಪಕ್ಕದ ಗೊಲ್ಲರಹಟ್ಟಿ ಸೇರಿ ಒಂದೇ ಕಂದಾಯ ಗ್ರಾಮ. 2001ರ ಜನಗಣತಿಯಲ್ಲಿ ನಮ್ಮದು 149 ಮನೆ, 786 ಜನ. 2011ರಲ್ಲಿ 158 ಮನೆ, 702 ಜನ. ಗಂಡಸರು 341, ಹೆಂಗಸರು 361. ಈಗ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ 560 ಚಿಲ್ಲರೆ ಜನರಿದ್ದಾರೆ, ಮತದಾರರ ಪಟ್ಟಿಯಲ್ಲಿ ಮಾತ್ರ 585 ಹೆಸರಿವೆ! ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ ಒಟ್ಟು 9 ಮಕ್ಕಳು. ಪಕ್ಕದೂರಿನ ಶಾಲೆಗೆ ಸೇರಿಸುತ್ತಾರಂತೆ. ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು 2011ರ ಪಟ್ಟಿ ಹಿಡಿದು, "ನಿಮ್ಮೂರಲ್ಲಿ ಚಿಕ್ಕ ಮಕ್ಕಳಲ್ಲಿ 37 ಗಂಡಿಗೆ 24 ಹೆಣ್ಣು. ಸಾವಿರಕ್ಕೆ 649. ಏನಮ್ಮಾ ಇದು?" ಎಂದು ಎಲ್ಲರೆದುರು ಕೇಳಿದರು. ನಾನು ಉತ್ತರ ಗೊತ್ತಿಲ್ಲದೆ ಸುಮ್ಮನಾದೆ. ಇನ್ನು ಇಪ್ಪತ್ತು ವರ್ಷಕ್ಕೆ ಊರು ಬೇಚರಾಕ್ (ಜನವಸತಿಯೇ ಇಲ್ಲದ ಹಾಳೂರು) ಆಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಟ್ಟಿಯವರು ಹೆಚ್ಚುತ್ತಿದ್ದಾರೆ, ನಾವು ಕಮ್ಮಿಯಾಗುತ್ತಿದ್ದೇವೆ ಎನ್ನುವವರೂ ಇದ್ದಾರೆ. ಮೂವತ್ತು ದಾಟಿದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. 2027ರ ಗಣತಿಗೆ ಬೆಂಗಳೂರಿನಲ್ಲಿರುವ ನಮ್ಮವರನ್ನೆಲ್ಲ ಕರೆಸಿ ಊರಲ್ಲೇ ಬರೆಸೋಣ ಎಂಬ ಮಾತು ನಡೆದಿದೆ. ಇದರಲ್ಲಿ ನಿಜ ಎಷ್ಟು? ನಾವೇನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಹೆಣೆದುಕೊಂಡಿವೆ. ಊರೇ ಇಲ್ಲವಾಗುತ್ತದೆಯೇ, ನಮ್ಮೂರಲ್ಲಿ ಹೆಣ್ಣುಶಿಶುಗಳನ್ನು ಹೊಟ್ಟೆಯಲ್ಲೇ ತೆಗೆಸುತ್ತಿದ್ದಾರೆಯೇ, ಒಂದು ಜನ ಇನ್ನೊಂದನ್ನು ಮೀರುತ್ತಿದೆಯೇ. ಮೂರಕ್ಕೂ ಉತ್ತರ ಬೇರೆಬೇರೆ. ಸದ್ಯ ಮೂರನ್ನೂ ಒಂದೇ ಗಂಟಿಗೆ ಕಟ್ಟಿ ಜಗಲಿಯ ಮೇಲೆ ಚರ್ಚೆ ನಡೆಯುತ್ತಿರುವಂತಿದೆ.

ಜನ ಕಮ್ಮಿಯಾದದ್ದರಿಂದ ಶುರು ಮಾಡೋಣ. ನೀವೇ ಕೊಟ್ಟ ಅಂಕಿಗಳಲ್ಲಿ ಉತ್ತರವಿದೆ, ತುಸು ಕೂಡಿ ಕಳೆಯಬೇಕಷ್ಟೆ. 2011ರಲ್ಲಿ ಸೊನ್ನೆಯಿಂದ ಆರು ವರ್ಷದ ಮಕ್ಕಳು 61. ಅಂದರೆ ಏಳು ವರ್ಷಗಳಲ್ಲಿ ಹುಟ್ಟಿ ಊರಲ್ಲೇ ಉಳಿದವರು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹೆರಿಗೆ ಸ್ವಲ್ಪ ಹೆಚ್ಚೇ ಇದ್ದಿರುತ್ತದೆ. ಹತ್ತು ವರ್ಷಕ್ಕೆ ಸುಮಾರು 95 ಎಂದುಕೊಳ್ಳಿ. ಕರ್ನಾಟಕದ ಹಳ್ಳಿಗಾಡಿನಲ್ಲಿ ಆ ದಶಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಎಂಟರ ಆಸುಪಾಸು ಸಾವು. ಆ ಪ್ರಕಾರ ನಿಮ್ಮೂರಲ್ಲಿ ಹತ್ತು ವರ್ಷಕ್ಕೆ 60ರಷ್ಟು. ಹುಟ್ಟಿನಲ್ಲಿ ಸಾವು ಕಳೆದರೆ 35 ಉಳಿಯಿತು. 786ಕ್ಕೆ ಅದನ್ನು ಕೂಡಿದರೆ ಊರಲ್ಲಿ 821 ಜನ ಇರಬೇಕಿತ್ತು, ಸಿಕ್ಕವರು 702. ಉಳಿದ ಸುಮಾರು 120 ಜನ ಸತ್ತಿಲ್ಲ, ಹುಟ್ಟದೆ ಹೋದವರೂ ಅಲ್ಲ. ಊರು ಬಿಟ್ಟು ಹೋಗಿದ್ದಾರೆ. ಈ ಅಂದಾಜು ಹತ್ತಿಪ್ಪತ್ತು ಆಚೀಚೆ ಆದರೂ ಅರ್ಥ ಬದಲಾಗುವುದಿಲ್ಲ. ಮಕ್ಕಳಾಗುವುದು ನಿಂತು ಊರು ಸೊರಗಿತು ಎನ್ನುವುದು 2011ರ ಮಟ್ಟಿಗಂತೂ ತಪ್ಪು ಕಲ್ಪನೆ.

ಇದು ನಿಮ್ಮೂರಿನದೊಂದೇ ಕಥೆಯಲ್ಲ. ಅದೇ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆ ಇಡಿಯಾಗಿ 11,40,905ರಿಂದ 11,37,961ಕ್ಕೆ ಇಳಿಯಿತು. ಕೊಡಗು ಹತ್ತು ವರ್ಷದಲ್ಲಿ ಶೇ 1ರ ಆಸುಪಾಸು ಬೆಳೆಯಿತಷ್ಟೆ. ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ನಿಮ್ಮೂರಿನ ಆ 120 ಜನರಲ್ಲಿ ಬಹುಪಾಲು ಆ ಶೇ 47ರೊಳಗೆ ಸಿಗುತ್ತಾರೆ.

ಹಾಗಾದರೆ ಮನೆ ಹೇಗೆ ಹೆಚ್ಚಿದವು? 2001ರಲ್ಲಿ ಮನೆಗೆ ಸರಾಸರಿ 5.3 ಜನ, 2011ರಲ್ಲಿ 4.4. ಅಣ್ಣತಮ್ಮಂದಿರು ಪಾಲಾಗಿ ಒಂದು ಒಲೆ ಎರಡಾಯಿತು, ಒಬ್ಬ ಮಗ ನಗರಕ್ಕೆ ಹೋದ, ಅಪ್ಪ ಅಮ್ಮ ಇಬ್ಬರೇ ಉಳಿದರು. ಗಣತಿಯಲ್ಲಿ ಮನೆ ಅಂದರೆ ಒಂದೇ ಅಡುಗೆಯಲ್ಲಿ ಉಣ್ಣುವ ಕುಟುಂಬ, ಗೋಡೆ ಸೂರಲ್ಲ. ಬೆಂಗಳೂರಿನ ದುಡಿಮೆಯಲ್ಲಿ ಕಟ್ಟಿಸಿ ಬೀಗ ಹಾಕಿದ ತಾರಸಿ ಮನೆಗಳು ಈ 158ರಲ್ಲಿ ಸೇರಿಲ್ಲ. ಅವನ್ನೂ ಎಣಿಸಿದರೆ ಊರು ಬೆಳೆಯುತ್ತಿರುವಂತೆಯೇ ಕಾಣುತ್ತದೆ.

ಗಂಡಸರಿಗಿಂತ ಹೆಂಗಸರು 20 ಜನ ಹೆಚ್ಚಿರುವುದಕ್ಕೂ ಇದೇ ಕಾರಣ. ಲೆಕ್ಕ ಹಾಕಿದರೆ ಸಾವಿರ ಗಂಡಸರಿಗೆ 1,059 ಹೆಂಗಸರು. ಕೇಳಲು ಚೆನ್ನಾಗಿದೆ, ರಾಜ್ಯದ ಸರಾಸರಿ 973 ಇತ್ತು. ಆದರೆ ಇದನ್ನು ಹೆಣ್ಣಿಗೆ ಸಿಕ್ಕ ಮಾನವೆಂದು ಓದಬೇಡಿ. ದುಡಿಯುವ ವಯಸ್ಸಿನ ಗಂಡಸರು ಒಬ್ಬೊಬ್ಬರೇ ಹೊರಟಾಗ ಹಿಂದೆ ಉಳಿದವರ ಎಣಿಕೆ ಹೀಗೆಯೇ ಬರುತ್ತದೆ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ ಈ ಅನುಪಾತ 1,094 ಬಂದದ್ದಕ್ಕೆ ಮುಂಬೈ ಮತ್ತು ಕೊಲ್ಲಿ ದೇಶಗಳಿಗೆ ಹೋದ ಗಂಡಸರೂ ಒಂದು ದೊಡ್ಡ ಕಾರಣ.

ಇನ್ನು ನಿಮ್ಮನ್ನು ಹೆಚ್ಚು ನೋಯಿಸಿದ 649ರ ಮಾತು. ಅಧಿಕಾರಿ ಓದಿದ ಅಂಕಿ ಸರಿ, ಭಾಗಾಕಾರವೂ ಸರಿ. ಆದರೆ 61 ಮಕ್ಕಳಿರುವ ಊರಿಗೆ ಸಾವಿರದ ಲೆಕ್ಕ ಹಾಕಿ ತೀರ್ಪು ಕೊಡುವುದು ಸರಿಯಲ್ಲ. ಪ್ರಕೃತಿಯಲ್ಲಿ 100 ಹೆಣ್ಣು ಹುಟ್ಟುವಲ್ಲಿ ಸುಮಾರು 105 ಗಂಡು ಹುಟ್ಟುತ್ತವೆ, ಅಂದರೆ ಸಾವಿರಕ್ಕೆ 950ರ ಆಸುಪಾಸು. ಆ ಪ್ರಕಾರ ನಿಮ್ಮ 61 ಮಕ್ಕಳಲ್ಲಿ 30 ಹೆಣ್ಣು ಇರಬೇಕಿತ್ತು, 24 ಇವೆ. ಆರು ಮಕ್ಕಳ ವ್ಯತ್ಯಾಸ. ಯಾವ ಕಳ್ಳಾಟವೂ ಇಲ್ಲದ, ಇಷ್ಟೇ ಮಕ್ಕಳಿರುವ ನೂರು ಹಳ್ಳಿಗಳನ್ನು ತೆಗೆದುಕೊಂಡರೆ, ಅವುಗಳಲ್ಲಿ ಎಂಟು ಹತ್ತು ಹಳ್ಳಿಗಳಲ್ಲಿ 24 ಅಥವಾ ಅದಕ್ಕೂ ಕಡಿಮೆ ಹೆಣ್ಣುಮಕ್ಕಳು ಬರೀ ಆಕಸ್ಮಿಕವಾಗಿಯೇ ಬರುತ್ತಾರೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ಒಂದೇ ಮುಖ ಬೀಳುವುದಿಲ್ಲವೇ, ಹಾಗೆ. ಕರ್ನಾಟಕದ ಪಟ್ಟಿಯಲ್ಲಿರುವ ಗ್ರಾಮಗಳು 29,340. ಇಷ್ಟರಲ್ಲಿ ತೀರಾ ಕಡಿಮೆ ಅನುಪಾತದ ಊರುಗಳನ್ನು ಆರಿಸಿದರೂ, ತೀರಾ ಹೆಚ್ಚಿನ ಅನುಪಾತದವನ್ನು ಆರಿಸಿದರೂ ಸಿಗುವುದು ಬಹುಪಾಲು ಪುಟ್ಟ ಊರುಗಳೇ. ಪಟ್ಟಿಯ ಮೇಲ್ತುದಿಯಲ್ಲಿರುವ ಸಣ್ಣ ಊರನ್ನು ಕರೆದು ಶಾಲು ಹೊದಿಸುವುದೂ ಅಷ್ಟೇ ಅರ್ಥಹೀನ.

ಹಾಗೆಂದು ನಿಮ್ಮೂರು ತಪ್ಪಿತಸ್ಥ ಅಲ್ಲ ಎಂಬ ಪ್ರಮಾಣಪತ್ರವನ್ನೂ ನಾನು ಕೊಡಲಾರೆ. ಆಕಸ್ಮಿಕ ಇರಬಹುದು ಎಂದರೆ ಆಕಸ್ಮಿಕವೇ ಎಂದಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಅದನ್ನು ತಡೆಯುವ ಕಾಯ್ದೆ 1994ರಲ್ಲೇ ಬಂದಿತ್ತು. ದಂಧೆ ಇದೆ. ನಿಮ್ಮ ಕಡೆ ಇದೆಯೇ ಎಂದು ತಿಳಿಯಲು ಎರಡು ದಾರಿಗಳಿವೆ. ಒಂದು, ನಿಮ್ಮ ಹೋಬಳಿಯ ಎಲ್ಲ ಗ್ರಾಮಗಳ ಆರು ವರ್ಷದೊಳಗಿನ ಗಂಡು ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ನೋಡಿ. ಸಾವಿರದೈನೂರು ಮಕ್ಕಳ ಲೆಕ್ಕದಲ್ಲೂ 800ರ ಕೆಳಗೆ ಬಂದರೆ ಅದನ್ನು ಆಕಸ್ಮಿಕ ಎನ್ನಲಾಗದು. ಎರಡನೆಯದು ಹೆಚ್ಚು ಹರಿತವಾದದ್ದು: ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೆಯದು ಏನಾಗಿದೆ? ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಯಾರೂ ಆಯ್ಕೆ ಮಾಡಲು ಹೋಗುವುದಿಲ್ಲ, ಕೈಚಳಕ ನಡೆಯುವುದು ಎರಡನೆಯದರಲ್ಲಿ, ಮೂರನೆಯದರಲ್ಲಿ. ಹತ್ತಾರು ಊರುಗಳ ಇಂಥ ಮನೆಗಳನ್ನು ಒಟ್ಟಿಗೆ ನೋಡಿದಾಗ ಎರಡನೆಯದು ಗಂಡೇ ಆಗಿರುವುದು ಎದ್ದು ಕಂಡರೆ ಆರೋಗ್ಯ ಇಲಾಖೆಗೆ ಬರೆಯಿರಿ. ಇದನ್ನು ಮಾತ್ರ ಊರಿನ ಸಭೆಯಲ್ಲಿ ಮನೆ ಹೆಸರು ಹಿಡಿದು ಮಾಡಬೇಡಿ. ಗರ್ಭಪಾತವಾಗಿ ನೊಂದ ಹೆಣ್ಣುಮಗಳೊಬ್ಬಳು ಸುಮ್ಮನೆ ಅಪವಾದ ಹೊರಬೇಕಾಗುತ್ತದೆ.

ಹುಡುಗರಿಗೆ ಹೆಣ್ಣು ಸಿಗದಿರುವುದಕ್ಕೆ ಎಲ್ಲರೂ ಭ್ರೂಣಹತ್ಯೆಯನ್ನೇ ಬೆರಳು ಮಾಡಿ ತೋರಿಸುತ್ತಾರೆ. ಅದು ಒಂದು ಪಾಲು ಮಾತ್ರ. ನಮ್ಮಲ್ಲಿ ಗಂಡು ತನಗಿಂತ ನಾಲ್ಕೈದು ವರ್ಷ ಚಿಕ್ಕವಳನ್ನು ಹುಡುಕುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1992-93ರಲ್ಲಿ 2.85 ಇದ್ದದ್ದು 1998-99ಕ್ಕೆ 2.13ಕ್ಕೆ ಇಳಿಯಿತು. 1992-93ರ ಹೊತ್ತಿಗೆ ಹುಟ್ಟಿದ ಹುಡುಗ, ಐದು ವರ್ಷ ತಡವಾಗಿ ಹುಟ್ಟಿದ ಹುಡುಗಿಯರ ಗುಂಪಿನಲ್ಲಿ ಹೆಣ್ಣು ಹುಡುಕಿದರೆ ಆ ಗುಂಪೇ ಸಣ್ಣದಾಗಿರುತ್ತದೆ. ಯಾರೂ ಯಾವ ಶಿಶುವನ್ನೂ ತೆಗೆಸದಿದ್ದರೂ ಕೊರತೆ ಬರುತ್ತಿತ್ತು. ಮೇಲೆ, ಪಿಯುಸಿ ಡಿಗ್ರಿ ಓದಿದ ಹುಡುಗಿ ಮಳೆ ನಂಬಿದ ಶೇಂಗಾ ಹೊಲಕ್ಕೆ ಸೊಸೆಯಾಗಿ ಬರಲು ಒಪ್ಪುತ್ತಿಲ್ಲ. ಅವಳ ಅಪ್ಪ ರೈತನೇ ಆದರೂ ಅಳಿಯ ರೈತನಾಗುವುದು ಬೇಡ ಎನ್ನುತ್ತಾನೆ. 2023ರಲ್ಲಿ ಮದುವೆಯಾಗದ ಯುವಕರು ಮದ್ದೂರು ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಬಹಳ ಜನ ನಕ್ಕರು. ನಗುವ ವಿಷಯವಲ್ಲ ಅದು. ಸೊಸೆಯಂದಿರು ಬರುವುದು ನಿಂತ ಊರಿನಲ್ಲಿ ಹತ್ತು ವರ್ಷದ ಮೇಲೆ ಒಂದನೇ ತರಗತಿಗೆ ಮಕ್ಕಳಿರುವುದಿಲ್ಲ.

ಹಟ್ಟಿಯವರು ಹೆಚ್ಚುತ್ತಿದ್ದಾರೆ ಎಂಬ ಮಾತಿಗೆ ನಾನು ಕೇಳುವುದಿಷ್ಟೇ: ಎಲ್ಲಿಂದ ಬಂತು ಅಂಕಿ? 2011ರ ಗಣತಿಯಲ್ಲಿ ಗ್ರಾಮವಾರು ಪ್ರಕಟವಾದದ್ದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಎಣಿಕೆ ಮಾತ್ರ. ಉಳಿದ ಜಾತಿಗಳನ್ನು ಜನಗಣತಿಯಲ್ಲಿ ಪೂರ್ತಿಯಾಗಿ ಎಣಿಸಿದ್ದು 1931ರಲ್ಲಿ. ಮತ್ತೆ ಎಣಿಸಲು ತೀರ್ಮಾನವಾಗಿರುವುದು 2027ರದರಲ್ಲಿ. ನಿಮ್ಮ ಗ್ರಾಮದ ಮೊತ್ತದೊಳಗೆ ಹಟ್ಟಿ ಕರಗಿಹೋಗಿದೆ, ಪ್ರತ್ಯೇಕ ಸಾಲು ಇಲ್ಲ. ಹಟ್ಟಿಯ ಪಾಲು ನಿಜವಾಗಿಯೂ ಹೆಚ್ಚಿರಬಹುದು, ಆದರೆ ಅದಕ್ಕೆ ಹೆರಿಗೆಯೇ ಕಾರಣವಾಗಬೇಕಿಲ್ಲ. ಮೊದಲು ಊರು ಬಿಡುವವರು ಓದಿದವರು, ನಗರದಲ್ಲಿ ನೆಂಟರಿರುವವರು, ಜಮೀನನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟು ಹೋಗಬಲ್ಲವರು. ಕುರಿ ಸಾಕಿ ಬದುಕುವವರು, ಕೂಲಿ ಮಾಡುವವರು ಕೊನೆಗೆ ಹೊರಡುತ್ತಾರೆ. ನಿಮ್ಮವರು ಹೋದದ್ದರಿಂದ ಇದ್ದವರ ಪಾಲು ದೊಡ್ಡದಾಗಿ ಕಂಡಿತು. ಉಳಿದವರೇ ಹೊಲ ಗೇಯುತ್ತಿರುವವರು, ಅಂಗನವಾಡಿಗೆ ಮಕ್ಕಳನ್ನು ಕಳಿಸುತ್ತಿರುವವರು. ಅವರನ್ನು ದೂರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಬೇಚರಾಕ್ ಆಗುವ ಭಯ. ನಮ್ಮ ಸೀಮೆಯಲ್ಲಿ ಊರುಗಳು ಪೂರ್ತಿ ಬರಿದಾದದ್ದು ಬರಗಾಲದಿಂದ, ಪ್ಲೇಗಿನಿಂದ, ಜಲಾಶಯದಿಂದ. 1876-78ರ ಬರದ ಹೊಡೆತಕ್ಕೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50 ಲಕ್ಷದಿಂದ 1881ಕ್ಕೆ 42 ಲಕ್ಷಕ್ಕೆ ಕುಸಿದಿತ್ತು. ನಿಮ್ಮದು ಆ ಬಗೆಯ ಕುಸಿತವಲ್ಲ. ನಿಧಾನಕ್ಕೆ ಇಳಿಯುವ ಊರು ಎಷ್ಟೋ ಸಲ ಮುನ್ನೂರು ನಾನೂರಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ನನಗೆ ಚಿಂತೆ ಇರುವುದು ಒಟ್ಟು ಎಷ್ಟು ಎನ್ನುವುದರ ಬಗ್ಗೆ ಅಲ್ಲ, ಯಾವ ವಯಸ್ಸಿನವರು ಎಷ್ಟು ಎನ್ನುವುದರ ಬಗ್ಗೆ. 560ರಲ್ಲಿ ಅರವತ್ತು ದಾಟಿದವರು 60 ಇದ್ದರೆ ಅದೊಂದು ಊರು, 160 ಇದ್ದರೆ ಬೇರೆಯದೇ ಊರು. ಎರಡನೆಯದಕ್ಕೆ ಮೊದಲು ಬೇಕಾಗುವುದು ಮನೆ ಬಾಗಿಲಿಗೆ ಬರುವ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ತಡವಾಗದೆ ಬರುವ ಪಿಂಚಣಿ. ಗ್ರಾಮವಾರು ಗಣತಿ ಪಟ್ಟಿಯಲ್ಲಿ ವಯಸ್ಸಿನ ವಿವರ ಆರು ವರ್ಷದೊಳಗಿನವರದ್ದು ಮಾತ್ರ ಇದೆ, ಮುದುಕರದ್ದಿಲ್ಲ. ಆದ್ದರಿಂದ ನೀವೇ ಎಣಿಸಬೇಕು.

ಕೈಯಲ್ಲಿರುವ ಪುಸ್ತಕಗಳು ಸಾಲದೇ ಎಂದರೆ, ಒಂದೊಂದೂ ಬೇರೆ ಬೇರೆಯದನ್ನು ಎಣಿಸುತ್ತದೆ. ಮತದಾರರ ಪಟ್ಟಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ದುಡಿಯುವವರ, ಮದುವೆಯಾಗಿ ಹೋದವರ, ಕೆಲವೊಮ್ಮೆ ತೀರಿಹೋದವರ ಹೆಸರುಗಳೂ ಇರುತ್ತವೆ. ಅದಕ್ಕೇ ನಿಮ್ಮಲ್ಲಿ ಜನರಿಗಿಂತ ಮತದಾರರು ಹೆಚ್ಚು. ಜನನ ನೋಂದಣಿಯಲ್ಲಿ ಉಲ್ಟಾ: ಹೆರಿಗೆ ಎಲ್ಲಿ ಆಯಿತೋ ಅಲ್ಲಿ ನೋಂದಣಿ. ಮೊದಲ ಹೆರಿಗೆಗೆ ಸೊಸೆ ತವರಿಗೆ ಹೋಗಿರುತ್ತಾಳೆ, ಮಗು ಅಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ ಅಲ್ಲಿನ ಪುಸ್ತಕಕ್ಕೆ ಸೇರುತ್ತದೆ. ನಿಮ್ಮೂರಿನ ಹೆಸರಿನಲ್ಲಿ ಜನನ ಇಲ್ಲವೇ ಇಲ್ಲ ಎಂದು ಯಾರಾದರೂ ತೋರಿಸಿದರೆ ಗಾಬರಿಯಾಗಬೇಡಿ. ವಾಸ್ತವಕ್ಕೆ ಹತ್ತಿರ ಇರುವುದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಪುಸ್ತಕಗಳು, ಏಕೆಂದರೆ ಅವರು ಮನೆಮನೆಗೆ ಹೋಗಲೇಬೇಕು. ಅವರಿಬ್ಬರನ್ನೂ ಕೂರಿಸಿಕೊಂಡು ನಿಮ್ಮ ಪಟ್ಟಿ ಶುರು ಮಾಡಿ. ಪ್ರತಿ ಮನೆಯಲ್ಲಿ ವರ್ಷದಲ್ಲಿ ಆರು ತಿಂಗಳಿಗೂ ಹೆಚ್ಚು ಊರಲ್ಲೇ ಇರುವವರು ಯಾರು, ಹೊರಗಿರುವವರು ಎಲ್ಲಿ, ಹಿಂದಿರುಗುವ ಮನಸ್ಸಿದೆಯೇ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಇಷ್ಟು ಸಾಕು. ವಯಸ್ಸು ಬರೆಯುವಾಗ ಆಧಾರ್ ನೋಡಿ ಬರೆದುಬಿಡಬೇಡಿ. ಹಿರಿಯರ ಆಧಾರಿನಲ್ಲಿ ಜನವರಿ 1 ಎಂದಿದ್ದರೆ, ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಮೇಷ್ಟ್ರದೋ ಆಪರೇಟರದೋ ಅಂದಾಜು. "ಇಂದಿರಾ ಗಾಂಧಿ ಹೋದಾಗ ನಿಮಗೆ ಮಕ್ಕಳಾಗಿದ್ದವೇ?" ಎಂದು ಕೇಳಿದರೆ ಹೆಚ್ಚು ಸರಿಯಾದ ಉತ್ತರ ಬರುತ್ತದೆ. ಜಾತಿ ಕೇಳಬೇಡಿ, ಕೇಳಿದರೆ ಅರ್ಧ ಊರು ಬಾಗಿಲು ಹಾಕಿಕೊಳ್ಳುತ್ತದೆ. ಬಂದ ಪಟ್ಟಿಯನ್ನು ಓದಿಕೊಳ್ಳಲು ನೆರವು ಬೇಕಿದ್ದರೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನ ಕೇಂದ್ರವಿದೆ, ಧಾರವಾಡದಲ್ಲಿ ಇನ್ನೊಂದಿದೆ.

ಬೆಂಗಳೂರಿನವರನ್ನು ಕರೆಸಿ ಬರೆಸುವ ಯೋಚನೆ ಬಿಡಿ. ಗಣತಿಯ ನಿಯಮದಲ್ಲಿ ಸ್ವಂತ ಊರು ಮುಖ್ಯವಲ್ಲ, ಸಾಮಾನ್ಯವಾಗಿ ವಾಸವಿರುವ ಜಾಗ ಮುಖ್ಯ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಆ ಇಡೀ ಅವಧಿ ಊರ ಹೊರಗೆ ಇದ್ದವರನ್ನು ಊರಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಂಗಳೂರಿನಲ್ಲಿ ಸಂಸಾರ ಹೂಡಿದವರು ಎರಡು ದಿನ ಊರಿಗೆ ಬಂದು ಹೆಸರು ಬರೆಸಿದರೆ ಎರಡು ಕಡೆ ಎಣಿಕೆಯಾಗುತ್ತದೆ, ತಪ್ಪು ಮಾಹಿತಿ ಕೊಡುವುದು 1948ರ ಜನಗಣತಿ ಕಾಯ್ದೆಯಡಿ ಅಪರಾಧ. ಇನ್ನೊಂದು ನಷ್ಟ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಊರಲ್ಲಿ 700 ಜನ ಇದ್ದಾರೆಂದು ಕಾಗದದಲ್ಲಿ ಇದ್ದರೆ, ಇರುವ 560ರಲ್ಲಿ ಮುದುಕರ ಪಾಲು ಎಷ್ಟು ದೊಡ್ಡದು ಎನ್ನುವುದು ಮುಚ್ಚಿಹೋಗುತ್ತದೆ. ಆದರೆ ಇಟ್ಟಿಗೆ ಗೂಡಿಗೋ ಕಟ್ಟಡದ ಕೆಲಸಕ್ಕೋ ಸುಗ್ಗಿಯ ನಂತರ ಮೂರು ನಾಲ್ಕು ತಿಂಗಳಷ್ಟೇ ಹೋಗಿ ಬರುವವರ ವಿಷಯ ಬೇರೆ. ಅವರ ವಾಸ ಊರಿನಲ್ಲೇ. ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ, ಅವರು ಹೊರಗಿರುವುದೂ ಅದೇ ತಿಂಗಳು. ಶೆಡ್ಡಿನಲ್ಲಿ ಯಾರೂ ಎಣಿಸಲು ಬಾರದೆ ಎರಡೂ ಕಡೆ ತಪ್ಪಿಹೋಗುವವರು ಇವರೇ. 2027ರ ಫೆಬ್ರುವರಿಯಲ್ಲಿ ಎಣಿಕೆಯ ದಿನಗಳೊಳಗೆ ಕೆಲ ದಿನವಾದರೂ ಮನೆಗೆ ಬಂದಿದ್ದು ಹೆಸರು ಬರೆಸುವಂತೆ ಅವರಿಗೆ ಹೇಳಿ. ಅದು ಅವರ ಹಕ್ಕು.

ಶಾಲೆಯ ಬಗ್ಗೆ ಮೊದಲು ಒಂದು ಸಂಗತಿ ಬೇರ್ಪಡಿಸಿ: ಮಕ್ಕಳೇ ಇಲ್ಲವೋ, ಇರುವ ಮಕ್ಕಳು ಬೆಳಗ್ಗೆ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಿದ್ದಾರೋ? ಮೊದಲನೆಯದಾದರೆ ಶಾಲೆ ಉಳಿಸುವ ಹೋರಾಟ ಹೆಚ್ಚು ದಿನ ಬಾಳದು. ಎರಡನೆಯದಾದರೆ ಮಾತುಕತೆಗೆ ಜಾಗವಿದೆ. ಮುಂದಿನ ಐದು ವರ್ಷ ಒಂದನೇ ತರಗತಿಗೆ ಬರುವವರೆಲ್ಲ ಈಗಾಗಲೇ ಹುಟ್ಟಿದ್ದಾರೆ, ಅಂಗನವಾಡಿ ಪುಸ್ತಕದಲ್ಲಿ ಹೆಸರು ಸಮೇತ ಸಿಗುತ್ತಾರೆ. ಆ ಪಟ್ಟಿ ಹಿಡಿದು ಶಿಕ್ಷಣ ಇಲಾಖೆಯ ಹತ್ತಿರ ಹೋಗಿ. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಶಾಲೆಗೂ ಇಬ್ಬರು ಶಿಕ್ಷಕರು ಇರಬೇಕು, ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಸಿಗಬೇಕು. ವಿಲೀನವನ್ನು ಒಪ್ಪುವುದಾದರೆ ಬರವಣಿಗೆಯಲ್ಲಿ ವಾಹನ ಕೇಳಿ. ಬಾಯಿಮಾತಿನ ಬಸ್ಸು ಎರಡನೇ ವರ್ಷಕ್ಕೆ ನಿಲ್ಲುತ್ತದೆ, ಆಗ ಮೊದಲು ಶಾಲೆ ಬಿಡುವವರು ಹಟ್ಟಿಯ ಹೆಣ್ಣುಮಕ್ಕಳು. ವಿಲೀನವನ್ನು ಪೂರ್ತಿ ತಡೆದರೂ ಅಪಾಯವಿದೆ: ಒಂಬತ್ತು ಮಕ್ಕಳು, ಐದು ತರಗತಿ, ಒಬ್ಬರೇ ಮೇಷ್ಟ್ರು, ಅವರಿಗೆ ಚುನಾವಣೆ ಕೆಲಸ ಬಂದ ದಿನ ಬೀಗ. ಯಾವುದು ಕಡಿಮೆ ಕೆಟ್ಟದ್ದು ಎಂದು ಆ ಒಂಬತ್ತು ಮಕ್ಕಳ ತಾಯಂದಿರೇ ಹೇಳಲಿ.

ಹಟ್ಟಿಯನ್ನು ಪ್ರತ್ಯೇಕ ಕಂದಾಯ ಗ್ರಾಮ ಮಾಡಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಎತ್ತುತ್ತಾರೆ. ರಾಜ್ಯದಲ್ಲಿ ತಾಂಡಾ, ಹಟ್ಟಿ, ಹಾಡಿಗಳನ್ನು ಹಾಗೆ ಮಾಡುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. ಅಲ್ಲಿನವರಿಗೆ ಮನೆ ಜಾಗದ ಹಕ್ಕುಪತ್ರ ಸಿಗುವುದು ಅದರ ದೊಡ್ಡ ಲಾಭ. 2027ರ ಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತಗೊಳಿಸಲಾಗಿದೆ. ಆ ಹೊತ್ತಿಗೆ ಆಗಿರದಿದ್ದರೆ ಹಟ್ಟಿಯ ಎಣಿಕೆ ಈ ಸಲವೂ ನಿಮ್ಮ ಗ್ರಾಮದ ಮೊತ್ತದೊಳಗೇ ಬರುತ್ತದೆ. ಮುಂದೆ ಬೇರೆಯಾದರೆ 560 ಎರಡು ಪಾಲಾಗುತ್ತದೆ. 400 ಜನಕ್ಕೆ ಒಬ್ಬ ಸದಸ್ಯರೆಂಬ ಪಂಚಾಯಿತಿ ಲೆಕ್ಕ, 400 ರಿಂದ 800 ಜನಕ್ಕೆ ಒಂದು ಅಂಗನವಾಡಿ ಎಂಬ ಲೆಕ್ಕ, ಎರಡರಲ್ಲೂ ಪ್ರತಿ ಪಾಲು ಸಣ್ಣದಾಗುತ್ತದೆ. ಹಕ್ಕುಪತ್ರ ಬೇಕೇ, ಒಟ್ಟಿಗಿರುವ ಸಂಖ್ಯೆಯ ಬಲ ಬೇಕೇ ಎನ್ನುವುದನ್ನು ತೀರ್ಮಾನಿಸಬೇಕಾದವರು ಹಟ್ಟಿಯವರು. ಅವರನ್ನು ಕೇಳದೆ ಪಂಚಾಯಿತಿಯಲ್ಲಿ ನಿರ್ಣಯ ಮಂಡಿಸಬೇಡಿ.